ಉಬ್ಬಸದ ಉಪಚಾರ: ಒಂದು ಪದ್ಧತಿಯ ವಿಮರ್ಶೆ

ನಮ್ಮ ತಾಲ್ಲೂಕು ಪೇಟೆಗಳ ದವಾಖಾನೆಗಳಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಉಬ್ಬಸದ ರೋಗಿಗೆ ಸಾಮಾನ್ಯವಾಗಿ ದೊರೆಯುವ ಉಪಚಾರದ ಕ್ರಮವನ್ನು ಗಮನವಿಟ್ಟು ನೋಡಿದವರಿಗೆ, ಅಲ್ಲಿ ಚಿಕಿತ್ಸೆ ಹೊಂದುತ್ತಿರುವುದು ಆ ಹೊತ್ತಿನ ಏದುಸಿರೇ ಹೊರತು ರೋಗವಲ್ಲವೆಂಬುದು ಬೇಗನೆ ಮನವರಿಕೆಯಾಗುತ್ತದೆ. ಎದೆ ಬಿಗಿದು ಬಂದವನ ಮುಖಕ್ಕೆ ನೆಬ್ಯುಲೈಜರ್ ಹಿಡಿದು, ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿ, ಸಾಲ್ಬುಟಮಾಲ್ ಅಥವಾ ಥಿಯೋಫಿಲಿನ್ ಮಾತ್ರೆಗಳನ್ನೂ, ಬೇಕಿರಲಿ ಬೇಡದಿರಲಿ ಐದು ದಿನದ ಆಂಟಿಬಯಾಟಿಕನ್ನೂ ಚೀಟಿಯಲ್ಲಿ ಬರೆದುಕೊಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಉಸಿರು ಸಡಿಲಗೊಂಡು, ಆತನು ವೈದ್ಯರ ಕೈಗುಣವನ್ನು ಕೊಂಡಾಡುತ್ತ ಮನೆಗೆ ತೆರಳುತ್ತಾನೆ. ಆ ಕೀರ್ತಿ ಸುಳ್ಳಲ್ಲ. ಆದರೆ ಮೋಡ ಕವಿದೊಡನೆ ಅದೇ ವ್ಯಕ್ತಿ ಅದೇ ಸ್ಥಿತಿಯಲ್ಲಿ ಮರಳಿ ಬರುವುದನ್ನು ಈ ಪದ್ಧತಿಯು ತನ್ನ ಸೋಲೆಂದು ಎಣಿಸದೆ, ರೋಗದ ಸ್ವಭಾವವೆಂದು ಸಮಾಧಾನಪಟ್ಟುಕೊಳ್ಳುವುದೇ ಅದರ ಮೂಲದೋಷವೆಂದು ನನಗೆ ತೋರುತ್ತದೆ.

ಮೊದಲು ನಿದಾನದ ವಿಷಯ. ಶ್ವಾಸನಾಳಗಳ ಸಂಕೋಚವು ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವುದೇ ಅಸ್ತಮಾದ ಲಕ್ಷಣವಾಗಿರುವಾಗ, ಸ್ಟೆತಸ್ಕೋಪನ್ನು ಒಂದು ಸಲ ಎದೆಗಿಟ್ಟು ಸಿಳ್ಳಿನ ಸದ್ದನ್ನು ಆಲಿಸಿ ತೀರ್ಪು ಕೊಡುವುದು ಸಾಹಸವೇ ಸರಿ; ಆಕ್ರಮಣದ ನಡುವಣ ದಿನಗಳಲ್ಲಿ ಆ ಎದೆ ನಿಶ್ಶಬ್ದವಾಗಿರಬಹುದು, ಸಿಳ್ಳು ಕೇಳಿದ ಎದೆಯಲ್ಲಿ ಬೇರೊಂದು ವ್ಯಾಧಿ ಇರಬಹುದು. ಉಪಶಮನದ ಔಷಧವನ್ನು ಸೇದಿದ ಬಳಿಕ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯು ಶೇಕಡಾ 12ರಷ್ಟೂ 200 ಮಿಲಿಲೀಟರಿನಷ್ಟೂ ಅಧಿಕವಾಗಬೇಕೆಂಬ ಸ್ಪೈರೋಮೆಟ್ರಿಯ ನಿಯಮವು ಗ್ರಂಥಗಳಲ್ಲಿ ಇದೆಯಾದರೂ, ಆ ಯಂತ್ರವಿಲ್ಲದ ಹಳ್ಳಿಯ ವೈದ್ಯನಿಗೆ ಅದನ್ನು ಉಪದೇಶಿಸುವುದು ಅಷ್ಟು ನ್ಯಾಯವಲ್ಲ. ಆದರೆ ಊದಿದ ಉಸಿರಿನ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಉಪಕರಣ, 1950ರ ದಶಕದಲ್ಲಿ ಇಂಗ್ಲೆಂಡಿನ ರೈಟ್ ಎಂಬಾತನು ರೂಪಿಸಿದ ಸಾಧನದ ಸಂತತಿ, ವಿದ್ಯುತ್ತನ್ನೂ ಬೇಡದು, ಪರಿಣತನನ್ನೂ ಬೇಡದು. ರೋಗಿಯು ಎರಡು ವಾರ ಬೆಳಗ್ಗೆ ಸಂಜೆ ಊದಿ ಬರೆದಿಟ್ಟ ಅಂಕಿಗಳಲ್ಲಿ ದಿನದ ಏರಿಳಿತವು ಸರಾಸರಿ ಶೇಕಡಾ 10ನ್ನು ಮೀರಿದರೆ ವಯಸ್ಕರಲ್ಲಿ ಅಸ್ತಮಾದ ಸಂದೇಹ ಬಲಗೊಳ್ಳುತ್ತದೆ. ರಕ್ತದೊತ್ತಡವನ್ನು ಅಳೆಯದೆ ಮಾತ್ರೆ ಬರೆಯಲು ಹಿಂಜರಿಯುವ ವೈದ್ಯನು ಉಸಿರನ್ನು ಅಳೆಯದೆಯೇ ಜೀವಮಾನದ ರೋಗವೊಂದನ್ನು ಹೆಸರಿಸುವುದು ವಿಚಿತ್ರ.

ಅಳತೆಯಿಲ್ಲದ ನಿದಾನದ ಫಲವನ್ನು ಸಂಪನ್ನ ದೇಶಗಳೂ ಉಂಡಿವೆ. ಕೆನಡಾದಲ್ಲಿ ವೈದ್ಯರಿಂದ ಅಸ್ತಮಾ ಎನಿಸಿಕೊಂಡಿದ್ದ 613 ಮಂದಿ ವಯಸ್ಕರನ್ನು ಕ್ರಮವಾಗಿ ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗೆ ಆಗ ಆ ರೋಗವೇ ಇರಲಿಲ್ಲವೆಂದು 2017ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ತಪ್ಪು ಎರಡು ಬಗೆಯದು: ವರ್ಷಾನುಗಟ್ಟಲೆ ಸೌದೆಯೊಲೆಯ ಹೊಗೆ ಕುಡಿದು ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾದ ಹೆಂಗಸಿಗೆ ಅಸ್ತಮಾ ಎನ್ನುತ್ತೇವೆ; ರಾತ್ರಿರಾತ್ರಿ ಕೆಮ್ಮುವ ಅಸ್ತಮಾದ ಮಗುವಿಗೆ ಕಫ ಕಟ್ಟಿದೆಯೆಂದು ಸಿರಪ್ ಕುಡಿಸುತ್ತೇವೆ. ಬೆಂಗಳೂರಿನ ಮಕ್ಕಳಲ್ಲಿ 1979ರಲ್ಲಿ ಶೇಕಡಾ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತೆಂದು ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಯ ಸಮೀಕ್ಷೆಗಳಿಂದ ತಿಳಿಸಿ ಎರಡು ದಶಕಗಳಿಗೂ ಮಿಕ್ಕಿದ ಕಾಲ ಸಂದಿದ್ದರೂ ಸಿರಪ್ಪಿನ ಸೀಸೆ ಕದಲಿಲ್ಲ.

ಚಿಕಿತ್ಸೆಯ ದೋಷ ಇನ್ನೂ ಗುರುತರವಾದುದು. ಅಸ್ತಮಾದ ಬೇರು ನಾಳಗಳ ಒಳಪದರದ ಉರಿಯೂತ. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುವುದಲ್ಲದೆ ಆ ಉರಿಯನ್ನು ಮುಟ್ಟದು. ಅದನ್ನೂ ಮಾತ್ರೆಯ ರೂಪದಲ್ಲಿ ಕೊಡುವ ರೂಢಿಯನ್ನು ಸಮರ್ಥಿಸಲು ನನಗೆ ಯಾವ ಕಾರಣವೂ ದೊರೆತಿಲ್ಲ: ಇನ್ಹೇಲರಿನ ಒಂದು ಸೇದಿನಲ್ಲಿ 100 ಮೈಕ್ರೋಗ್ರಾಂ ಔಷಧವಿದ್ದರೆ, 4 ಮಿಲಿಗ್ರಾಮಿನ ಮಾತ್ರೆಯಲ್ಲಿ ಅದರ 40 ಪಾಲು ಇದ್ದು, ಅದು ರಕ್ತದಲ್ಲಿ ಸುತ್ತಿ, ಕೈ ನಡುಗಿಸಿ, ಎದೆ ಡವಗುಟ್ಟಿಸಿ, ಶ್ವಾಸನಾಳವನ್ನು ತಡವಾಗಿ ತಲುಪುತ್ತದೆ. ಉರಿಯೂತವನ್ನು ತಣಿಸುವ, ಸೇದುವ ಸ್ಟೀರಾಯ್ಡ್ 1972ರಿಂದಲೇ ಬಳಕೆಯಲ್ಲಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಾಖಲೆಗಳನ್ನು ಶೋಧಿಸಿದವರು, ವರ್ಷದಲ್ಲಿ ರೋಗಿ ಬಳಸಿದ ಪ್ರತಿಯೊಂದು ಹೆಚ್ಚಿನ ಸ್ಟೀರಾಯ್ಡ್ ಡಬ್ಬಿಗೂ ಅಸ್ತಮಾದ ಮರಣ ಶೇಕಡಾ 21ರಷ್ಟು ತಗ್ಗುವುದನ್ನು 2000ದಲ್ಲಿ ತೋರಿಸಿಕೊಟ್ಟರು. 2019ರಲ್ಲಿ ಜಾಗತಿಕ ಮಾರ್ಗಸೂಚಿಯು ವಯಸ್ಕರಿಗೂ ಹದಿಹರೆಯದವರಿಗೂ ಕೇವಲ ಸಾಲ್ಬುಟಮಾಲಿನಿಂದ ಚಿಕಿತ್ಸೆ ಮಾಡತಕ್ಕದ್ದಲ್ಲವೆಂದು ಸ್ಪಷ್ಟಪಡಿಸಿತು. ಉಲ್ಬಣದ ಸಮಯದಲ್ಲಿ ಸ್ಟೀರಾಯ್ಡ್ ಕೊಡುವುದು ಯುಕ್ತವೇ. ಅಲ್ಲಿಯೂ ನುಂಗಬಲ್ಲವನಿಗೆ ಪ್ರೆಡ್ನಿಸೊಲೋನ್ ಮಾತ್ರೆ ಸೂಜಿಯಷ್ಟೇ ಫಲಕಾರಿ. ಆಕ್ಷೇಪವಿರುವುದು ಆ ದಿನದ ಸೂಜಿಗಲ್ಲ, ಮರುದಿನದ ಶೂನ್ಯಕ್ಕೆ.

"ಪಂಪು ಹಿಡಿದರೆ ಮತ್ತೆ ಬಿಡಲಾಗದು" ಎಂಬ ಜನರ ಭೀತಿಯನ್ನು ವೈದ್ಯರು ನೆಪವಾಗಿ ಮುಂದಿಡುವುದುಂಟು. ಮೈಕ್ರೋಗ್ರಾಂಗಳಲ್ಲಿ ಸೇದುವ ಸ್ಟೀರಾಯ್ಡಿಗೆ ಅಂಜುವ ಅದೇ ಮನೆಯವರು ಮಿಲಿಗ್ರಾಂಗಳಲ್ಲಿ ಮೈಗೇರುವ ಸ್ಟೀರಾಯ್ಡ್ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುತ್ತಾರೆ. ಅದನ್ನು ತಿಳಿಹೇಳಬೇಕಾದವರು ಯಾರು? ಮೃಗಶಿರಾ ಮಳೆಯ ಪ್ರವೇಶಕಾಲದಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟ ಔಷಧವನ್ನು ನುಂಗಲು ಹೈದರಾಬಾದಿಗೆ ಸಾಲುಗಟ್ಟಿ ಹೋಗುವವರನ್ನು ಕಂಡು ನಗುವ ಮೊದಲು, ರೋಗಿಯ ಕೈಯಲ್ಲಿ ಇನ್ಹೇಲರನ್ನಿಟ್ಟು ಅದನ್ನು ಕುಲುಕುವ, ಉಸಿರು ಪೂರ್ತಿ ಬಿಡುವ, ನಿಧಾನವಾಗಿ ಎಳೆದು ಹತ್ತು ಎಣಿಸುವಷ್ಟು ಹೊತ್ತು ಹಿಡಿಯುವ, ಕಡೆಗೆ ಬಾಯಿ ಮುಕ್ಕಳಿಸುವ ವಿಧಾನವನ್ನು ಎಷ್ಟು ದವಾಖಾನೆಗಳಲ್ಲಿ ಕಲಿಸಲಾಗಿದೆಯೆಂದು ಕೇಳಿಕೊಳ್ಳುವುದು ಲೇಸು. ಇನ್ಹೇಲರಿನಿಂದ ಚಿಮ್ಮಿದ ಔಷಧವನ್ನು ಸೇದುವ ತನಕ ಹಿಡಿದಿಡುವ ಸ್ಪೇಸರ್ ಎಂಬ ಕೊಳವೆಗೆ ಹಣವಿಲ್ಲದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಇನ್ಹೇಲರಿನ ಬಾಯಿಗೆ ಸರಿಹೊಂದುವ ರಂಧ್ರ ಕೊರೆದರೆ ಸಾಕು. ಮಕ್ಕಳಲ್ಲಿ ಅದು ಅಂಗಡಿಯ ಸ್ಪೇಸರಿಗೆ ಸಮವೆಂಬುದನ್ನು ದಕ್ಷಿಣ ಆಫ್ರಿಕದ ವೈದ್ಯರು 1999ರಲ್ಲಿಯೇ ಸಾಬೀತುಪಡಿಸಿದ್ದಾರೆ.

ಬಾಗಿಲಾಚೆಗೂ ಚಾಚಿದ ರೋಗಿಗಳ ಸಾಲನ್ನು ಒಬ್ಬನೇ ನಿಭಾಯಿಸುವ ವೈದ್ಯನ ಮೇಲೆ ಇಷ್ಟೆಲ್ಲವನ್ನೂ ಹೊರಿಸುವುದು ಅನ್ಯಾಯವಾದೀತು. ಊದಿಸಿ ಅಂಕಿ ಬರೆಯುವುದನ್ನೂ ಸೇದುವ ಕ್ರಮವನ್ನು ತಿದ್ದುವುದನ್ನೂ ಒಬ್ಬ ನರ್ಸು ವೈದ್ಯನಿಗಿಂತ ಚೆನ್ನಾಗಿ ಮಾಡಬಲ್ಲಳು. ಸೇದುವ ಬುಡೆಸೊನೈಡ್ ಭಾರತದ ಅವಶ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿಯೇ ಇದೆ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಅದು ವರ್ಷವಿಡೀ ದೊರೆಯುವಂತೆಯೂ, ಅದರ ಪಕ್ಕದಲ್ಲಿ ಒಂದು ಪೀಕ್ ಫ್ಲೋ ಮೀಟರ್ ಇರುವಂತೆಯೂ ಮಾಡುವುದು ಸರ್ಕಾರದ ಹೊಣೆ. ಉಬ್ಬಸದಿಂದ ಬಂದವನನ್ನು ಉಸಿರು ಸರಿಹೋದ ಮೇಲೆ, ಎರಡು ವಾರದ ತರುವಾಯ, ಪುನಃ ಬರುವಂತೆ ಕರೆಯುವುದು ವೈದ್ಯರ ಹೊಣೆ.