‘ಸಂಸ್ಕೃತೀಕರಣ’ವೆಂಬ ಪರಿಭಾಷೆಯ ವಿಮರ್ಶೆ

ಗ್ರಾಮದೇವತೆಗಳ ಕಥೆಗಳನ್ನೂ ಜನಪದ ಕಾವ್ಯಗಳನ್ನೂ ಕುರಿತು ಕನ್ನಡದಲ್ಲಿ ಬರೆಯುವವರು ‘ಸಂಸ್ಕೃತೀಕರಣ’ವೆಂಬ ಪದವನ್ನು ಹೇರಳವಾಗಿ ಪ್ರಯೋಗಿಸುವರು. ಪ್ರಾಣಿಬಲಿಯನ್ನು ತೊರೆದ ದೇವರು, ಪುರಾಣದ ಹೆಸರನ್ನು ತಳೆದ ಮಾರಿ, ಜನಿವಾರವನ್ನು ಧರಿಸಿದ ಕುಲ ಇವೆಲ್ಲಕ್ಕೂ ಈ ಒಂದೇ ಮಾತು ವಿವರಣೆಯಾಗಿ ನಿಲ್ಲುತ್ತದೆ. ವಿಚಾರವನ್ನು ಆರಂಭಿಸಬೇಕಾದ ಪರಿಭಾಷೆಯು ವಿಚಾರವನ್ನು ಮುಗಿಸುವುದಕ್ಕೆ ಸಾಧನವಾದಾಗ, ಅದನ್ನು ಹುಟ್ಟಿದ ನೆಲಕ್ಕೆ ಕೊಂಡೊಯ್ದು ಪರೀಕ್ಷಿಸುವುದು ಯುಕ್ತವಾದುದು.

ಈ ಪರಿಭಾಷೆಯನ್ನು ಬಳಕೆಗೆ ತಂದವರು ಎಂ. ಎನ್. ಶ್ರೀನಿವಾಸರು. 1916ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಶಿಷ್ಯರಾಗಿದ್ದು ಕೊಡಗಿನ ವಿಷಯದಲ್ಲಿ ಸಾಮಗ್ರಿಯನ್ನು ಸಂಗ್ರಹಿಸಿದರು. ಬಳಿಕ ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನರ ಸಿದ್ಧಾಂತದ ಬೆಳಕಿನಲ್ಲಿ ಅದನ್ನೇ ಪುನಃ ವಿವೇಚಿಸಿದರು. ಅದರ ಫಲವೇ 1952ರಲ್ಲಿ ಪ್ರಕಟವಾದ ‘ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದಿ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’ ಎಂಬ ಗ್ರಂಥ. ಕೆಳಗಿನ ಜಾತಿಯೊಂದು ಮೇಲಿನ ಜಾತಿಯ ಆಹಾರ, ಆಚಾರ, ನಂಬಿಕೆಗಳನ್ನು ಸ್ವೀಕರಿಸಿ, ಒಂದೆರಡು ತಲೆಮಾರುಗಳಲ್ಲಿ ಉಚ್ಚಸ್ಥಾನವನ್ನು ಪಡೆಯಲು ಯತ್ನಿಸುತ್ತದೆಂಬುದು ಅದರಲ್ಲಿ ಪ್ರತಿಪಾದಿತವಾದ ತತ್ತ್ವ. ಜಾತಿವ್ಯವಸ್ಥೆಯು ಅಚಲವಾದುದೆಂಬ ರೂಢ ಭಾವನೆಯನ್ನು ಈ ತತ್ತ್ವವು ಸಡಿಲಿಸಿತೆಂಬುದು ನಿರ್ವಿವಾದ.

ಗ್ರಂಥದ ನಿಜವಾದ ಬಲವಾದರೋ ಈ ತತ್ತ್ವದಲ್ಲಿಲ್ಲ. ಅದರ ಕೆಳಗಿರುವ ದೇಶೀಯ ಪದಗಳಲ್ಲಿದೆ. ‘ಒಕ್ಕ’ವೆಂದರೆ ತಂದೆಯ ವಂಶವನ್ನನುಸರಿಸಿದ ಅವಿಭಕ್ತ ಕುಟುಂಬ, ಹುಟ್ಟಿನಿಂದಲೋ ವಿವಾಹದಿಂದಲೋ ಹೊರತು ಅದರಲ್ಲಿ ಸೇರಲು ದಾರಿಯಿಲ್ಲ. ‘ಮಂಗಲ’ವು ಮದುವೆಗೆ ಮಾತ್ರ ಸಲ್ಲುವ ಹೆಸರಲ್ಲ, ಹುಲಿಯನ್ನು ಕೊಂದ ವೀರನಿಗೂ ‘ನರಿಮಂಗಲ’ವುಂಟು. ‘ಪೊಲೆ’ಯು ಮೈಲಿಗೆ. ಈ ಮೂರು ಪದಗಳ ಪರಸ್ಪರ ಸಂಬಂಧವನ್ನು ಬಿಡಿಸುತ್ತ ಗ್ರಂಥಕರ್ತರು ಧರ್ಮವೂ ಬಂಧುತ್ವವೂ ಒಂದೇ ನೆಯ್ಗೆಯ ಹಾಸುಹೊಕ್ಕುಗಳೆಂಬುದನ್ನು ಕಾಣಿಸಿಕೊಟ್ಟಿದ್ದಾರೆ. ಇಲ್ಲಿ ಪರಿಭಾಷೆಯು ವಸ್ತುವಿಗೆ ಅಧೀನವಾಗಿದೆ. ಮಾಂಸಮದ್ಯಗಳನ್ನು ವರ್ಜಿಸಿ ಜನಿವಾರವನ್ನು ಧರಿಸಿದ ಅಮ್ಮ ಕೊಡವರ ನಿದರ್ಶನವೂ ತತ್ತ್ವಕ್ಕೆ ಚೆನ್ನಾಗಿ ಒಪ್ಪುತ್ತದೆ.

ತೊಡಕು ಹುಟ್ಟುವುದು ಪದವು ಕೊಡಗಿನ ಗಡಿಯನ್ನು ದಾಟಿದಾಗ. ಈ ಪದವು ಒರಟಾದುದೆಂದು ಶ್ರೀನಿವಾಸರೇ 1956ರ ತಮ್ಮ ಲೇಖನದಲ್ಲಿ ಒಪ್ಪಿಕೊಂಡಿದ್ದಾರೆ. ವೇದಕಾಲದ ಬ್ರಾಹ್ಮಣರು ಸೋಮಪಾನ ಮಾಡುತ್ತಿದ್ದುದನ್ನೂ, ಆಚಾರವನ್ನು ಹರಡಿದವರು ಎಲ್ಲೆಡೆಯಲ್ಲಿಯೂ ಬ್ರಾಹ್ಮಣರಾಗಿರಲಿಲ್ಲವೆಂಬುದನ್ನೂ ನೆನೆದು ‘ಬ್ರಾಹ್ಮಣೀಕರಣ’ಕ್ಕಿಂತ ಇದೇ ಲೇಸೆಂದು ಅವರು ಬಗೆದರು. ಆ ಲೇಖನದಲ್ಲಿಯೇ ಲಿಂಗಾಯತರನ್ನು ಕರ್ಣಾಟಕದಲ್ಲಿ ಸಂಸ್ಕೃತೀಕರಣದ ಪ್ರಬಲ ಶಕ್ತಿಯೆಂದು ಎಣಿಸಿದ್ದಾರೆ. ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ಮಾತು ಹಾಗೆಯೇ ಒಪ್ಪತಕ್ಕದ್ದಲ್ಲ. 12ನೆಯ ಶತಮಾನದ ಶರಣರು ತಮ್ಮ ಅನುಭವವನ್ನು ಸಂಸ್ಕೃತದಲ್ಲಿ ಹೇಳದೆ ಕನ್ನಡ ವಚನಗಳಲ್ಲಿ ಹೇಳಿದರು, ಯಜ್ಞವನ್ನು ನಿರಾಕರಿಸಿದರು, ಲಿಂಗಧಾರಿಗೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳಿಲ್ಲವೆಂಬುದು ಆ ಮತದ ನಿಲುವು. ಕೊಡಗಿನ ಗ್ರಂಥವು ಯಾವ ಮಡಿಮೈಲಿಗೆಗಳ ಮೇಲೆ ನಿಂತಿದೆಯೋ ಅವುಗಳನ್ನೇ ಈ ಮತವು ಅಲ್ಲಗಳೆಯಿತು. ಇದರ ಪ್ರಭಾವದಿಂದ ಅನೇಕ ಕುಲಗಳು ಮಾಂಸವನ್ನು ಬಿಟ್ಟುದು ದಿಟ. ಆದರೆ ಹೊರಗೆ ಕಾಣುವ ಆಚಾರ ಒಂದೇ ಆದಮಾತ್ರಕ್ಕೆ ಒಳಗಿನ ಪ್ರೇರಣೆಯೂ ಒಂದೇ ಎನ್ನಲಾಗದು. ಮೇಲಿನವನಂತಾಗಲು ಮಾಂಸವನ್ನು ಬಿಡುವುದಕ್ಕೂ, ಮೇಲುಕೀಳೆಂಬುದನ್ನೇ ಅಲ್ಲಗಳೆಯುವ ದೀಕ್ಷೆಯಿಂದ ಬಿಡುವುದಕ್ಕೂ ಒಂದೇ ಹೆಸರಿಟ್ಟರೆ ಅನುಕರಣ ಯಾವುದು, ಪ್ರತಿಭಟನೆ ಯಾವುದು ಎಂಬ ವಿವೇಕವೇ ಅಳಿಯುತ್ತದೆ. ಪ್ರತಿಭಟನೆಯಾಗಿ ಹುಟ್ಟಿದ ಮತದಲ್ಲಿಯೂ ಮುಂದೆ ಶ್ರೇಣಿಗಳು ಬೆಳೆದುವೆಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳುವುದಕ್ಕೂ ಮೊದಲು ಈ ಭೇದವು ಉಳಿದಿರಬೇಕು.

ಎರಡನೆಯ ಆಕ್ಷೇಪ ಸ್ತ್ರೀಯರಿಗೆ ಸಂಬಂಧಿಸಿದುದು. ಸಂಸ್ಕೃತೀಕರಣದಿಂದ ಸ್ತ್ರೀಯರ ಮೇಲಣ ಕಟ್ಟುಗಳು ಬಿಗಿಯಾಗುತ್ತವೆಂದು ಶ್ರೀನಿವಾಸರೂ ಗುರುತಿಸಿದ್ದಾರೆ. ವಿಧವಾವಿವಾಹವು ಸಲ್ಲುತ್ತಿದ್ದ ಕುಲಗಳಲ್ಲಿ ಅದು ನಿಷಿದ್ಧವಾಗುವುದು ಇಂಥ ‘ಏಳಿಗೆ’ಯ ಗುರುತುಗಳಲ್ಲೊಂದು. ಕುಲವು ಮೇಲೇರುವಾಗ ಅದರ ಹೆಣ್ಣುಮಕ್ಕಳು ಕೆಳಗಿಳಿಯುವುದಾದರೆ ಏರಿದವರು ಯಾರು? ಈ ಪ್ರಶ್ನೆಯು ಅವರ ತತ್ತ್ವದಲ್ಲಿ ಅಂಚಿನಲ್ಲಿಯೇ ಉಳಿಯಿತು. ಇದಕ್ಕೆ 36 ವರ್ಷಗಳ ಮೊದಲೇ, 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ ಪ್ರಬಂಧದಲ್ಲಿ ಬಿ. ಆರ್. ಅಂಬೇಡ್ಕರರು ಜಾತಿಯು ಅನುಕರಣದಿಂದ ಹರಡಿತೆಂಬುದನ್ನು ವಿವರಿಸಿದ್ದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವು ಸ್ವಜಾತಿ ವಿವಾಹವನ್ನು ಕಾಪಾಡುವ ಉಪಾಯಗಳೆಂದು ಅವರು ತೋರಿಸಿದರು. ಶ್ರೀನಿವಾಸರಲ್ಲಿ ಪರಿಣಾಮವಾಗಿ ಕಾಣುವ ಸ್ತ್ರೀನಿರ್ಬಂಧವು ಅಂಬೇಡ್ಕರರಲ್ಲಿ ಜಾತಿಯ ಮೂಲಸೂತ್ರವೇ ಆಗಿದೆ. ಇಬ್ಬರನ್ನೂ ಜೊತೆಯಲ್ಲಿಟ್ಟು ಓದದೆ ಪರಿಭಾಷೆಯನ್ನು ಬೋಧಿಸುವುದು ಅರ್ಧಬೋಧೆ.

ಮೂರನೆಯದು ಜನಾಂಗದ ಸ್ವಂತಿಕೆಯ ಪ್ರಶ್ನೆ. ಕೊಡವರು ತಮ್ಮದೇ ಭಾಷೆಯುಳ್ಳ ಜನ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯು ಅವರ ಹಾಡು, ಪದ್ಧತಿಗಳ ಭಂಡಾರ. ಅವರ ಸಾಂಪ್ರದಾಯಿಕ ವಿವಾಹಕ್ಕೆ ಬ್ರಾಹ್ಮಣ ಪುರೋಹಿತನು ಬೇಕಿಲ್ಲ. 1834ರಲ್ಲಿ ಹಾಲೇರಿ ವಂಶದ ಆಳ್ವಿಕೆ ಮುಗಿದು ಬ್ರಿಟಿಷರ ಆಡಳಿತ ಬಂದಿತು. ಆ ಶತಮಾನದ ಮಧ್ಯಭಾಗದಿಂದ ಕಾಫಿ ತೋಟಗಳು ಆ ಬೆಟ್ಟಗಳನ್ನು ಸಮುದ್ರದಾಚೆಯ ಮಾರುಕಟ್ಟೆಗೆ ಬಿಗಿದವು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಇಷ್ಟು ಬಗೆಯ ಒತ್ತಡಗಳ ನಡುವೆ ಬಹುಜನ ಕೊಡವರು ಅಮ್ಮ ಕೊಡವರ ದಾರಿಯನ್ನು ಹಿಡಿಯಲಿಲ್ಲ. ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ಪೂಜಿಸುವ ವಾಡಿಕೆಯನ್ನೂ ಬಿಡಲಿಲ್ಲ. ಬದಲಾವಣೆಯನ್ನು ಹೆಸರಿಸುವ ಪರಿಭಾಷೆಯು ಹೀಗೆ ಬದಲಾಗದೆ ನಿಂತುದಕ್ಕೆ ಕಾರಣವನ್ನು ಹೇಳಲಾರದು.

ಇಷ್ಟರಿಂದ ಶ್ರೀನಿವಾಸರ ಕೃತಿಯ ಹಿರಿಮೆ ಕುಂದುವುದಿಲ್ಲ. ಒಕ್ಕ, ಮಂಗಲ, ಪೊಲೆಗಳನ್ನು ಅವರು ಎಷ್ಟು ತಾಳ್ಮೆಯಿಂದ ಅರಸಿದರೋ ಅಷ್ಟೇ ತಾಳ್ಮೆಯನ್ನು ಅವರ ಪದವನ್ನು ಬಳಸುವವರೂ ತೋರಬೇಕು. ದೇವತೆಯೊಬ್ಬಳು ಹೆಸರನ್ನು ಬದಲಿಸಿದಳೆಂದು ಕಂಡಲ್ಲಿ, ಬದಲಿಸಿದವರು ಯಾರು, ಯಾವ ಭಾಷೆಯಲ್ಲಿ, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ವಿಚಾರಿಸಿದ ಮೇಲೆ ‘ಸಂಸ್ಕೃತೀಕರಣ’ವೆಂದು ಬರೆದರೆ ಆ ಪದವು ಸಾರ್ಥಕ. ಅಲ್ಲಿಯವರೆಗೆ ಅದು ಒಂದು ಊಹೆ ಮಾತ್ರ.