ತೊಟ್ಟಿಲ ಕೊಂಡಿ, ಗುದ್ದುವ ಚೀಲ

ಮುಷ್ಟಿಯುದ್ಧದ ಸಿನಿಮಾಗಳಲ್ಲಿ ಕ್ಯಾಮೆರಾ ಹೆಚ್ಚಾಗಿ ಮುಷ್ಟಿಯನ್ನು ನೋಡುತ್ತದೆ. ಗುದ್ದು ತಿನ್ನುವ ಚೀಲವನ್ನು ಅಷ್ಟಿಷ್ಟು ನೋಡುತ್ತದೆ. ಆ ಚೀಲ ಯಾವುದಕ್ಕೆ ತೂಗುಬಿದ್ದಿದೆ ಎಂಬುದರ ಕಡೆಗೆ ಅದರ ಗಮನ ಹೋಗುವುದು ಅಪರೂಪ. 2014ರಲ್ಲಿ ತೆರೆಕಂಡ ‘ಮೇರಿ ಕೋಮ್’ ಹಿಂದಿ ಚಿತ್ರದ ಬಗ್ಗೆ ನನ್ನ ಮೊದಲ ತಕರಾರು ಇದು. ನಿಜ ಹೇಳಬೇಕೆಂದರೆ ಈ ತಕರಾರು ಎತ್ತಿದವಳು ಚಿಕ್ಕಪಡಸಲಗಿಯ ನನ್ನ ವಿದ್ಯಾರ್ಥಿನಿ, ಎಂಟನೆಯ ತರಗತಿಯ ಹುಡುಗಿ. ಚಿತ್ರ ನೋಡಿ ಮುಗಿಸಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಇವಳು ಕೇಳಿದಳು: “ಅಕ್ಕೋರೆ, ಸಿನಿಮಾದಾಗ ಚೀಲಾ ತೂಗಬಿಟ್ಟಾರ. ನಮ್ಮ ಮನ್ಯಾಗ ಎಲ್ಲಿ ತೂಗಬಿಡೋದ್ರಿ?”

ಓಮಂಗ್ ಕುಮಾರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಪ್ರಿಯಾಂಕಾ ಚೋಪ್ರಾ ಪಟ್ಟ ಶ್ರಮ ಕಣ್ಣಿಗೆ ಕಾಣುತ್ತದೆ. ತಂದೆಯ ವಿರೋಧ, ಗುರುವಿನ ಕಟ್ಟುನಿಟ್ಟು, ಗಂಡನ ಬೆಂಬಲ ಎಲ್ಲವೂ ಮನಸ್ಸಿಗೆ ತಟ್ಟುತ್ತವೆ. ಆದರೆ ಕೊನೆಯ ಭಾಗ ನನಗೆ ಒಪ್ಪಿಗೆಯಾಗಲಿಲ್ಲ. ಅತ್ತ ಚೀನಾದಲ್ಲಿ ತಾಯಿ 2008ರ ವಿಶ್ವ ಪಂದ್ಯ ಆಡುತ್ತಿರುತ್ತಾಳೆ, ಇತ್ತ ಮಗನಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತಿರುತ್ತದೆ. ವಾಸ್ತವದಲ್ಲಿ ಆ ಶಸ್ತ್ರಚಿಕಿತ್ಸೆ ನಡೆದದ್ದು 2011ರಲ್ಲಿ. ಕಣ್ಣೀರಿಗಾಗಿ ಮೂರು ವರ್ಷಗಳನ್ನು ಹಿಂದೆ ಸರಿಸಿ ಎರಡನ್ನೂ ಒಂದೇ ಗಳಿಗೆಗೆ ಕಟ್ಟಿದ್ದಾರೆ. ಹೀಗೆ ಕಟ್ಟಿದ್ದರಿಂದ ತೊಟ್ಟಿಲು ಒಂದು ಕಡೆ, ಕೈಗವಸು ಒಂದು ಕಡೆ ಎಂಬ ಹಳೆಯ ತಕ್ಕಡಿಯೇ ಮತ್ತೆ ಮೇಲೆದ್ದಿದೆ. ಅವಳಿ ಮಕ್ಕಳು 2007ರಲ್ಲಿ ಹುಟ್ಟಿದರು. ಮಾರನೆಯ ವರ್ಷ ನಿಂಗ್ಬೋದಲ್ಲಿ ಆಕೆ ಚಿನ್ನ ಗೆದ್ದಳು. ಆ ಒಂದು ವರ್ಷ ಒಂದೇ ಸೂರಿನಡಿ ತೊಟ್ಟಿಲೂ ಇತ್ತು, ಅಭ್ಯಾಸವೂ ಇತ್ತು. ಆ ವರ್ಷದ ದಿನಚರಿಯನ್ನು ಸಾವಕಾಶವಾಗಿ ತೋರಿಸಿದ್ದರೆ ನಮ್ಮಂಥ ಹೆಂಗಸರಿಗೆ ಅದಕ್ಕಿಂತ ದೊಡ್ಡ ಕಥೆ ಬೇಕಿರಲಿಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಅವರ ಮನೆಗೇ ಹೋದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆ. ಪಡಸಾಲೆಯ ತೊಲೆಗೆ ಕಬ್ಬಿಣದ ಕೊಂಡಿ. ಮೂರು ತಲೆಮಾರಿನ ಕೂಸುಗಳು ಅದರ ಕೆಳಗೆ ತೂಗಿಸಿಕೊಂಡಿವೆ. ಹುಡುಗಿಯ ಕಣ್ಣು ಅದರ ಮೇಲೆ ಬಿದ್ದದ್ದೇ ತಡ, ಆಕೆಯ ಆಯಿ ಗುಡುಗಿದರು: “ತೊಟ್ಟಿಲಾ ಕಟ್ಟೂ ಕೊಂಡಿಗೆ ಬಡಿಯೂ ಚೀಲಾ ಕಟ್ತೀಯೇನವ್ವಾ?”

ನಾನು ಏಣಿ ಹಾಕಿಸಿ ನೋಡಿದೆ. ತೊಲೆಯ ಒಂದು ಮಗ್ಗುಲು ಗೆದ್ದಲು ಹಿಡಿದಿತ್ತು. ತೊಟ್ಟಿಲು ಮೆಲ್ಲಗೆ ತೂಗುತ್ತದೆ; ಗುದ್ದುವ ಚೀಲ ಹಾಗಲ್ಲ, ಪ್ರತಿ ಏಟಿಗೂ ಕೊಂಡಿಯನ್ನು ಜಗ್ಗುತ್ತದೆ. ಆದ್ದರಿಂದ ಕೊಂಡಿ ಬೇಡ, ಸ್ಟ್ಯಾಂಡ್ ಕೊಳ್ಳೋಣ ಎಂದೆ. ಆಯಿಗೆ ಸಮಾಧಾನವಾಯಿತು. ಆದರೆ ಹುಡುಗಿಯನ್ನು ಪಕ್ಕಕ್ಕೆ ಕರೆದು, “ಬ್ಯಾಡಂದದ್ದು ಗೆದ್ದಲಿನ ಸಲುವಾಗಿ, ತೊಟ್ಟಿಲಿನ ಸಲುವಾಗಿ ಅಲ್ಲ. ಇದನ್ನ ನೆನಪಿಡು” ಎಂದು ಹೇಳಿದೆ. ತೊಲೆ ಗಟ್ಟಿಯಿದ್ದಿದ್ದರೆ ಆ ಕೊಂಡಿಗೇ ಕಟ್ಟಿಸಿ, ಆಯಿಯ ಕೋಪವನ್ನು ನಾನೇ ಎದುರಿಸುತ್ತಿದ್ದೆ.

ಇನ್ನು ಸ್ಟ್ಯಾಂಡಿನ ವಿಮರ್ಶೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಖಾಲಿ ಕೋಣೆಯಿರುತ್ತದೆ, ಅದರೊಳಗೆ ತೋಳು ಹುರಿಗಟ್ಟಿದ ಗಂಡಸು. ನಮ್ಮ ಪಡಸಾಲೆಯಲ್ಲಿ ಜೋಳದ ಚೀಲ, ಹೊಲಿಗೆ ಯಂತ್ರ, ಟೀವಿ ಎಲ್ಲ ಇರುತ್ತವೆ. ಆದ್ದರಿಂದ ಸ್ಟ್ಯಾಂಡು ನಿಲ್ಲುವ ಜಾಗದ ಜೊತೆಗೆ ಚೀಲ ತೂಗಾಡುವ ಜಾಗ, ಹುಡುಗಿ ಹಿಂದೆ ಮುಂದೆ ಹೆಜ್ಜೆಯಿಡುವ ಜಾಗ ಇವನ್ನೂ ಅಳೆಯಬೇಕು. ಚೀಲ ಗುದ್ದುವವರ ತೂಕದ ಅರ್ಧದಷ್ಟಿರಲಿ ಎಂಬುದು ರೂಢಿಯ ಲೆಕ್ಕ: 44 ಕಿಲೋ ಹುಡುಗಿಗೆ 22 ಕಿಲೋ ಚೀಲ. ಎತ್ತರದ ಏಣಿಯ ತುದಿಯನ್ನು ತುಸು ನೂಕಿದರೂ ಬುಡ ಕದಲುವಂತೆ, ಸ್ಟ್ಯಾಂಡಿನ ತೋಳಿಗೆ ಬಿದ್ದ ಜಗ್ಗಾಟ ಬುಡವನ್ನು ಎತ್ತುತ್ತದೆ. ಹಗುರ ಪೈಪಿನದು ಒಂದೆರಡು ದಿನದಲ್ಲೇ ನೆಲದ ಮೇಲೆ ತೆವಳಲು ಶುರುಮಾಡುತ್ತದೆ. ಬುಡಕ್ಕೆ ಭಾರ ಹೇರಲೇಬೇಕು. ಪ್ಲಾಸ್ಟಿಕ್ ಬುಡದವು ಸಿಗುತ್ತವೆ, ನೀರು ತುಂಬಿರಿ ಎನ್ನುತ್ತಾರೆ. ಲೀಟರ್ ನೀರು ಒಂದು ಕಿಲೋ. ಅಷ್ಟೇ ಜಾಗದ ಒಣ ಉಸುಕು ಸುಮಾರು ಒಂದೂವರೆ ಕಿಲೋ. ಉಸುಕು ಸೋರುವ ಭಯವೂ ಕಡಿಮೆ. 1989ರಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಊರಿದು. ಬುಡದ ಮಹತ್ವವನ್ನು ನಾನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಬುಡಕ್ಕೆ ಒಳ್ಳೆಯದಾದ ಉಸುಕು ಚೀಲದ ಹೊಟ್ಟೆಗೆ ಬೇಡ. ಅದು ತಳಕ್ಕಿಳಿದು ಕಲ್ಲಾಗುತ್ತದೆ, ಎಳೆಯ ಮಣಿಕಟ್ಟು ಉಳುಕುತ್ತದೆ. ಚೀಲಕ್ಕೆ ಬಟ್ಟೆಯೇ ಆಗಬೇಕು. ರಬಕವಿ-ಬನಹಟ್ಟಿಯಂಥ ನೇಕಾರರ ಊರು ಪಕ್ಕದಲ್ಲಿರುವಾಗ ಚಿಂದಿಗೆ ಬರವೇ? ಜೊತೆಗೆ ಆಯಿಯ ಎರಡು ಹಳೆಯ ಸೀರೆಗಳೂ ಒಳಗೆ ಹೋದವು, ಕೊಟ್ಟವರು ಆಯಿಯೇ. ಅದು ಒಪ್ಪಿಗೆಯೋ ಬರೀ ಉದಾರತನವೋ ನಾನು ಕೇಳಲಿಲ್ಲ.

ಸ್ಟ್ಯಾಂಡಿಗೆ ಒಂದು ಐಬು ಉಂಟು. ತೊಲೆಗೆ ತೂಗಿದ ಚೀಲದ ಸುತ್ತ ಪೂರ್ತಿ ತಿರುಗಬಹುದು. ಸ್ಟ್ಯಾಂಡಿನ ಕಂಬ ಒಂದು ಕಡೆ ಅಡ್ಡ ಬರುತ್ತದೆ. ಮುಷ್ಟಿಯುದ್ಧದಲ್ಲಿ ಕಾಲಿನ ಕೆಲಸ ಕೈಯಷ್ಟೇ ದೊಡ್ಡದು. ಹೀಗಾಗಿ ಗಟ್ಟಿ ತೊಲೆಯಿದ್ದವರು ತೊಲೆಯನ್ನೇ ನೆಚ್ಚಲಿ, ಇಲ್ಲದವರು ಭಾರದ ಬುಡದ ಸ್ಟ್ಯಾಂಡ್ ತರಲಿ ಎಂಬುದು ನನ್ನ ತೀರ್ಪು.

ಆದರೆ ಎಲ್ಲಿಡುವುದು? ಮನೆಯವರೆಲ್ಲ ಹಿತ್ತಲು ಎಂದರು. ಬಿಸಿಲಿಗೆ ಚೀಲ ಸೀಳುತ್ತದೆ, ಮಳೆಗೆ ಪೈಪು ತುಕ್ಕು ಹಿಡಿಯುತ್ತದೆ ಎಂದು ನಾನು ವಾದಿಸಿದೆ. ನನ್ನ ಮನಸ್ಸಿನಲ್ಲಿದ್ದ ಕಾರಣ ಬೇರೆ. ನಮ್ಮ ಸೀಮೆಯ ಗರಡಿ ಮನೆಗಳು ಊರ ನಡುವೆ, ದೇವರ ಎದುರಿಗೆ ಇದ್ದವು. ಅಲ್ಲಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. 2012ರವರೆಗೆ ಒಲಿಂಪಿಕ್ಸಿನಲ್ಲೂ ಮಹಿಳಾ ಮುಷ್ಟಿಯುದ್ಧಕ್ಕೆ ಜಾಗವಿರಲಿಲ್ಲ. ಜಾಗ ಕೊಟ್ಟ ವರ್ಷವೇ ಮೇರಿ 51 ಕಿಲೋ ವಿಭಾಗದಲ್ಲಿ ಕಂಚು ತಂದಳು. ಹುಡುಗಿಯರ ಕಸರತ್ತನ್ನು ಹಿತ್ತಲಿಗೆ ಕಳಿಸಿದರೆ ಅದು ಹಿತ್ತಲಲ್ಲೇ ಉಳಿಯುತ್ತದೆ. ಸಿನಿಮಾ ಬಿಟ್ಟುಬಿಟ್ಟ ಮಾತು ಇದೇ. ಗೆದ್ದ ದಿನ ಜಗತ್ತು ನೋಡುತ್ತದೆ. ಅದಕ್ಕೆ ಮುಂಚಿನ ಸಾವಿರ ದಿನ ಮನೆಯ ಯಾವ ಮೂಲೆ ಬಿಟ್ಟುಕೊಡಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸಬೇಕು.

ಕಡೆಗೆ ಸ್ಟ್ಯಾಂಡ್ ಪಡಸಾಲೆಯಲ್ಲೇ ನಿಂತಿತು. ಈಗ ಸಂಜೆ ಆರಕ್ಕೆ ಹುಡುಗಿ ಕೈಗೆ ಪಟ್ಟಿ ಸುತ್ತಿಕೊಳ್ಳತೊಡಗಿದರೆ, ಹರಟೆಗೆ ಬಂದು ಕುಳಿತ ಗಂಡಸರು ತಮ್ಮ ಕುರ್ಚಿಗಳನ್ನು ತಾವೇ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗುತ್ತಾರೆ.