ಹಾರುವ ಓತಿಯ ಬೆನ್ನುಹತ್ತಿದವರು

ಅಜ್ಞಾತವನ್ನರಸಲು ಮನುಷ್ಯನನ್ನು ಪ್ರೇರಿಸುವುದು ಶುದ್ಧ ಜ್ಞಾನದಾಹವೊಂದೇ ಎಂದು ನಂಬಿದವರು ಶ್ರೀ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಅವಶ್ಯವಾಗಿ ಓದತಕ್ಕದ್ದು. ಹಾರುವ ಓತಿಗಾಗಿ ಕಾಡು ಹೊಕ್ಕವರಲ್ಲಿ ವಿಜ್ಞಾನಿಯು ಕರ್ವಾಲೊ ಒಬ್ಬರೇ. ಕಥೆ ಹೇಳುವವನಿಗೆ ಬೇಸಾಯದ ಬೇಸರ; ಮಂದಣ್ಣನಿಗೋ ಮದುವೆಯ, ಸರ್ಕಾರಿ ನೌಕರಿಯ ಚಿಂತೆ. ಆದರೂ ಆ ಓತಿಯನ್ನು ಮೊದಲು ಕಂಡ ಕಣ್ಣು ಮಂದಣ್ಣನದೇ! ಊರು ನಿಷ್ಪ್ರಯೋಜಕನೆಂದೆಣಿಸಿದ ಈ ಹುಡುಗನಲ್ಲಿ ಕರ್ವಾಲೊ ಹುಟ್ಟು ನಿಸರ್ಗಶೋಧಕನನ್ನು ಗುರುತಿಸುತ್ತಾರೆ. ಗ್ರಂಥದ ಹಿರಿಮೆಯು ಇಲ್ಲಿದೆ. ಹುಳುವನ್ನು ನೋಡುತ್ತ ಮೈಮರೆತ ಮಗುವನ್ನು ಗದರಿಸಿ ಪಾಠಕ್ಕೆ ಕೂರಿಸುವ ಹೊಳಲ್ಕೆರೆಯ ತಂದೆತಾಯಿಗಳು ಈ ಭಾಗವನ್ನು ಎರಡು ಬಾರಿ ಓದಲಿ. ವಿಕಾಸತತ್ತ್ವದ ಸಂಭಾಷಣೆಗಳು ಅಲ್ಲಲ್ಲಿ ತುಸು ಉಪನ್ಯಾಸದಂತಾಗಿರುವುದು ನಿಜ. ಆದರೆ ಓತಿಯು ಯಾರ ಕೈಗೂ ಸಿಕ್ಕದೆ ಕಣಿವೆಯತ್ತ ತೇಲಿ ಮರೆಯಾಗುವ ಕಡೆಯ ಪುಟಗಳಲ್ಲಿ ಹೆಚ್ಚಿನ ಮಾತೊಂದೂ ಇಲ್ಲ.